ಬಟ್ಟೆಗೆ ಇಳಿದ ಕೆಂಪು

ರೇಷ್ಮೆಹುಳ ಪೊರೆ ಬಿಡುವ ಮೊದಲು ಸೊಪ್ಪು ತಿನ್ನುವುದನ್ನು ಬಿಟ್ಟು ಸುಮ್ಮನೆ ಮಲಗುತ್ತದೆ. ನಮ್ಮ ಸುಗಟೂರಿನ ಕಡೆ ಇದಕ್ಕೆ ಜ್ವರ ಅನ್ನುತ್ತೇವೆ. ಹುಳಕ್ಕೆ ಜ್ವರ ಬಂದಾಗಲೆಲ್ಲ ನನ್ನ ಕಣ್ಣು ಕೆಂಪಾಗುತ್ತಿತ್ತು. ಹುಳ ಎದ್ದು ಮೇಯತೊಡಗಿದರೂ ನನ್ನ ಕಣ್ಣಿನ ಉರಿ ಇಳಿಯುತ್ತಿರಲಿಲ್ಲ.

“ಹುಳಕ್ಕಿಂತ ನಿನ್ನ ಜ್ವರಾನೇ ಜಾಸ್ತಿ ಆಯ್ತಲ್ಲೇ,” ಎಂದು ನನ್ನ ಗಂಡ ಶಿವಕುಮಾರ್ ರೇಗಿಸುತ್ತಿದ್ದ. ಮೊದಮೊದಲು ನಾನೂ ನಗುತ್ತಿದ್ದೆ.

ಕೋಲಾರದ ಕಣ್ಣಿನ ಡಾಕ್ಟರಮ್ಮ ನಗಲಿಲ್ಲ. “ಬಲಗಣ್ಣಿನ ಗುಡ್ಡೆ ಮೇಲೆ ಬಿಳಿ ಕಲೆ ಶುರುವಾಗಿದೆ. ಕಣ್ಣು ಸುಡೋಂಥದ್ದೇನೋ ಬೀಳ್ತಿದೆ. ಅದೇನೂಂತ ಕಂಡುಹಿಡಿದು ನಿಲ್ಲಿಸದಿದ್ರೆ ದೃಷ್ಟಿ ಹೋಗುತ್ತೆ,” ಎಂದರು. ಹುಳ ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಉದುರಿಸುತ್ತೇವೆ ಎಂದೆ. ಆ ಕೆಲಸ ಬಿಡಿ ಎಂದರು. ಕಣ್ಣಿಗೆ ಮನೆಮದ್ದು ಏನಾದರೂ ಹಾಕ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಒದ್ದೆ ಬಟ್ಟೆಯಲ್ಲಿ ಕಣ್ಣು ಒರೆಸುವುದನ್ನು ಯಾರಾದರೂ ಮದ್ದು ಅನ್ನುತ್ತಾರೆಯೇ?

ಒರೆಸುತ್ತಿದ್ದವರು ನನ್ನ ಅತ್ತೆ ಆಂಜಿನಮ್ಮ. ಚಿಕ್ಕ ವಯಸ್ಸಿನಲ್ಲೇ ಹೂ ಬಿದ್ದು ಅವರ ಎಡಗಣ್ಣು ಪೂರ್ತಿ ಬೆಳ್ಳಗಾಗಿತ್ತು. ದೇವಿಯ ಮುನಿಸು ಎಂದು ನಂಬಿಕೊಂಡಿದ್ದರು. “ನನ್ನ ಗತಿ ನಿಂಗೆ ಬರಬಾರ್ದು ಕಣೇ,” ಎನ್ನುತ್ತ ಹುಳದ ಮನೆಯ ಬಟ್ಟೆ ತರುತ್ತಿದ್ದರು. ಅದಕ್ಕೆ ಮುಟ್ಟಾದವರ ಕೈ, ಎಂಜಲು ಕೈ ತಾಕುವಂತಿಲ್ಲ. ಇಡೀ ಮನೆಯಲ್ಲಿ ಅದಕ್ಕಿಂತ ಮಡಿಯಾದ ಬಟ್ಟೆ ಇಲ್ಲ. ಅದನ್ನು ಜಾಲಿಸಿ, ಅರಿಶಿನದ ನೀರಿನಲ್ಲಿ ಅದ್ದಿ ನನ್ನ ಕಣ್ಣು ಒರೆಸುವರು. ಬಟ್ಟೆ ಕೆಂಪಗಾಗುತ್ತಿತ್ತು. “ನೋಡು, ಕೆಂಪೆಲ್ಲಾ ಬಟ್ಟೆಗೆ ಇಳೀತು,” ಎಂದು ಖುಷಿಪಡುವರು.

ಸುಣ್ಣ ಉದುರಿಸುವ ಕೆಲಸ ಶಿವಕುಮಾರನಿಗೆ ಹೋಯಿತು. ನನ್ನ ಕಣ್ಣು ಮಾತ್ರ ಮುಂದಿನ ಜ್ವರಕ್ಕೂ ಕೆಂಡವಾಯಿತು. ಈ ಸಲ ಅತ್ತೆ ಹೆದರಿ, ಕೆಂಪಾಗುವ ಮೊದಲೇ ಒರೆಸಲು ಶುರುಮಾಡಿದ್ದರು. ಗೋಡೆಯ ಕ್ಯಾಲೆಂಡರಿನ ಅಂಕಿ ಮಸುಕಾಗತೊಡಗಿತು.

ಅಷ್ಟರಲ್ಲಿ ನಾದಿನಿ ಮೇಘನ ಕೂಸಿನ ಜೊತೆ ಬಂದಳು. ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಬೇಕಲ್ಲ, ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕಲಸಿದೆ. ನೀರು ಕೆಂಪಾಯಿತು. ಚಿಕ್ಕಂದಿನಿಂದ ಎಷ್ಟು ಸಲ ಕಲಸಿದ್ದೆನೋ, ಅವತ್ತು ಮಾತ್ರ ನನ್ನ ಕೈ ಅಲ್ಲೇ ನಿಂತಿತು. ಆ ಕೆಂಪು ನನಗೆ ಚೆನ್ನಾಗಿ ಗೊತ್ತಿತ್ತು.

ಆರತಿ ಮುಗಿಸಿ ಹುಳದ ಮನೆಗೆ ಹೋದೆ. ಸುಣ್ಣದ ಪುಡಿಯನ್ನು ಗಂಟು ಕಟ್ಟಿ ಹುಳದ ಮೇಲೆ ಉದುರಿಸುತ್ತಿದ್ದುದು ಅತ್ತೆ ನನ್ನ ಕಣ್ಣು ಒರೆಸುವ ಅದೇ ಬಟ್ಟೆಯಲ್ಲಿ. ಜಾಲಿಸಿ ಒಣಹಾಕಿದ್ದರು. ಅದನ್ನು ತಂದು ಅತ್ತೆಯ ಎದುರಿಗೇ ಅರಿಶಿನದ ನೀರಿನಲ್ಲಿ ಅದ್ದಿದೆ.

“ಈಗ ಯಾರ ಕಣ್ಣಿಗೂ ಮುಟ್ಟಿಸಿಲ್ಲ ಅತ್ತೆ. ನೋಡಿ.”

ಬಟ್ಟೆ ಕೆಂಪಾಯಿತು. ನನ್ನ ಕಣ್ಣು ತೆಗೆದಿರಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.

ಅತ್ತೆ ಬಟ್ಟೆಯನ್ನು ನೋಡಿದರು. ಆಮೇಲೆ ಮೆಲ್ಲಗೆ ಕೈಯೆತ್ತಿ ತಮ್ಮ ಎಡಗಣ್ಣು ಮುಟ್ಟಿಕೊಂಡರು.

“ನಮ್ಮತ್ತೇನೂ ನಂಗೆ ಇದ್ರಲ್ಲೇ ಒರೆಸೋರು,” ಎಂದರು. “ಉರೀತದೆ, ಬೇಡ ಅಂದ್ರೂ ಬಿಡ್ತಿರ್ಲಿಲ್ಲ ಕಣೇ. ನಾನಂದ್ರೆ ಅಷ್ಟು ಪ್ರೀತಿ ಅವರಿಗೆ.”