ಮೂಗಯ್ಯನ ಒಂದೇ ಮಾತು

ಹೆಸರಿಗೆ ಮೂಗಯ್ಯ. ಅವನು ಬಾಯಿ ಮುಚ್ಚಿ ಕೂತದ್ದನ್ನು ನಾನಂತೂ ನೋಡಿಲ್ಲ. ಗುಂಡ್ಲುಪೇಟೆಯ ಟೆಂಟಿನಲ್ಲಿ ಮರಳು ಗುಡ್ಡೆ ಹಾಕಿಕೊಂಡು, ಅದರ ಮೇಲೆ ಕೂತು ಸಿನಿಮಾ ನೋಡುತ್ತಿದ್ದ ಕಾಲದಿಂದಲೂ ಅಷ್ಟೇ. ಹೀರೋ ಬಾಯಿ ತೆರೆಯುವ ಮೊದಲೇ ಇವನು ಡೈಲಾಗ್ ಹೇಳಿಬಿಡುತ್ತಿದ್ದ. ಹಿಂದಿನವರು ಬೈದರೆ, ‘ನಾನು ಅಂದಿದ್ನೇ ಅವ್ನು ಅಂತಾವ್ನೆ, ನಂದೇನ್ಲಾ ತಪ್ಪು?’ ಎನ್ನುತ್ತಿದ್ದ. ತನ್ನೂರು ಭೀಮನಬೀಡಿನಿಂದ ಅವನು ಸೈಕಲ್ ತುಳಿದುಕೊಂಡು ಬರುವುದು, ನಾನು ಟೈಲರ್ ಅಂಗಡಿಯ ಬಾಗಿಲೆಳೆದು ಹಿಂದೆ ಹತ್ತುವುದು. ಆ ಸುಖ ಆಮೇಲೆ ಯಾವ ಮೆತ್ತನೆಯ ಸೀಟಿನಲ್ಲೂ ನನಗೆ ಸಿಗಲಿಲ್ಲ.

ಹೋದ ವರ್ಷ ಬೇಗೂರಿನ ಹತ್ತಿರ ಸೂರ್ಯಕಾಂತಿ ಹೊಲದಲ್ಲಿ ಶೂಟಿಂಗ್ ನಡೆಯಿತು. ಕಾರಿನಲ್ಲಿ ಬಂದ ಹೀರೋಗೆ ದಾರಿ ತೋರಿಸುವ ಮುದುಕ ಬೇಕಾಗಿದ್ದ. ಮೂಗಯ್ಯನ ಮೀಸೆ ಅವರ ಕಣ್ಣಿಗೆ ಬಿತ್ತು. ‘ಈ ದಾರಿ ಊಟಿಗೆ ಓಯ್ತದೆ ಬುದ್ಧಿ’ ಎಂಬ ಒಂದೇ ಮಾತು. ಅದಕ್ಕೆ ವಾರವಿಡೀ ನನ್ನ ಅಂಗಡಿಯಲ್ಲಿ ಅಭ್ಯಾಸ. ನನ್ನ ಹೊಲಿಗೆ ಮಿಷನ್ನಿಗೂ ಬಾಯಿಪಾಠವಾಗಿತ್ತು.

ಶೂಟಿಂಗ್ ದಿನ ಮಾತ್ರ ಮಾತಿನಮಲ್ಲನ ನಾಲಗೆ ಏಳಲಿಲ್ಲ. ಸಾಲದ್ದಕ್ಕೆ ಮತ್ತೆ ಮತ್ತೆ ಕ್ಯಾಮೆರಾದ ಆಚೆಗೆ ನೋಡುತ್ತಿದ್ದ. ಅಲ್ಲಿ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಹಿಂದೆ ಅವನ ಹೆಂಡತಿ ಸುಂದ್ರಮ್ಮ ಅವನ ಟವೆಲ್ಲು, ಚಪ್ಪಲಿ ಹಿಡಿದುಕೊಂಡು ಸುಡುಬಿಸಿಲಿನಲ್ಲಿ ನಿಂತಿದ್ದಳು. ಕೊನೆಗೆ ಸಿನಿಮಾದವನೊಬ್ಬ ಬೇಸತ್ತು, ‘ಏನಾದ್ರೂ ಅಂದು ಬಾಯಿ ಆಡಿಸಿ ಯಜಮಾನ್ರೇ, ಮಿಕ್ಕಿದ್ದು ನಾವು ನೋಡ್ಕೋತೀವಿ’ ಎಂದ. ಮೂಗಯ್ಯ ಬಾಯಿ ಆಡಿಸಿದ. ಜನರೇಟರ್ ಸದ್ದಿನಲ್ಲಿ ನಮಗೊಂದೂ ಕೇಳಲಿಲ್ಲ. ‘ಓಕೆ’ ಎಂದರು, ನಾವು ಚಪ್ಪಾಳೆ ತಟ್ಟಿದೆವು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಆ ಸಿನಿಮಾ ಚಾಮರಾಜನಗರಕ್ಕೆ ಬಂದಿದೆ ಎಂದು ತಿಳಿದ ದಿನವೇ ಸುಂದ್ರಮ್ಮ ನನ್ನ ಅಂಗಡಿಗೆ ಬಂದಳು. ‘ಮೊಗ ನೋಡಕ್ಕೆ ಫೋಟೋ ಅದೆ ಕಣಣ್ಣಯ್ಯ. ದನಿ ಮರ್ತೋಯ್ತಾ ಅದೆ. ಒಂದ್ಸಲ ಕೇಳುಸ್ಕಂಬುಟ್ರೆ ಸಾಕು’ ಎಂದಳು. ಸಿನಿಮಾ ಎಂದರೆ ಮೂಗು ಮುರಿಯುವ ನನ್ನ ಹೆಂಡತಿ ವಾಜಿದಾ ಕೂಡ ಅವಳಿಗಾಗಿ ಹೊರಟಳು. ತೆರಕಣಾಂಬಿ ದಾಟುವವರೆಗೂ ಬಸ್ಸಿನಲ್ಲಿ ಮೂಗಯ್ಯನದೇ ಮಾತು.

ಸಿನಿಮಾ ಎಂಥದ್ದು ಎಂದು ಕೇಳಬೇಡಿ. ಹೀರೋ ನಡೆದರೂ ಗುಡುಗು, ನಿಂತರೂ ಗುಡುಗು. ಕಥೆ ಎಲ್ಲಿದೆ ಎಂದು ನಾನು ಹುಡುಕುತ್ತಿರುವಾಗಲೇ ಪರದೆ ತುಂಬ ಸೂರ್ಯಕಾಂತಿ ಅರಳಿತು. ಸುಂದ್ರಮ್ಮ ಸೀಟಿನ ತುದಿಗೆ ಬಂದಳು. ಮೂಗಯ್ಯನ ಮುಖ ಪರದೆಯಷ್ಟಗಲ ಬಂತು. ಅದೇ ಮೀಸೆ, ಅದೇ ಕೆಂಪುಗಣ್ಣು. ತುಟಿ ಅಲುಗಿತು.

‘ಈ ದಾರಿ ಊಟಿಗೆ ಹೋಗುತ್ತದೆ ಸ್ವಾಮಿ.’

ದನಿ ಯಾರದ್ದೋ. ರೇಡಿಯೋದಲ್ಲಿ ವಾರ್ತೆ ಓದುವವನ ಹಾಗೆ ನಯವಾದ, ದಪ್ಪ ದನಿ. ನನಗೆ ಮೈಯೆಲ್ಲ ಉರಿದುಹೋಯಿತು. ಅಂದು ಅವರು ನೋಡಿಕೊಳ್ಳುತ್ತೇವೆ ಎಂದ ‘ಮಿಕ್ಕಿದ್ದು’ ಇದು. ಇಷ್ಟು ವರ್ಷ ಸಿನಿಮಾ ನೋಡಿದ ದಡ್ಡನಿಗೆ ಅದು ಆವತ್ತು ಹೊಳೆದಿರಲಿಲ್ಲ. ಸುಂದ್ರಮ್ಮ ತಲೆ ತಗ್ಗಿಸಿದವಳು ಕೊನೆಯವರೆಗೂ ಎತ್ತಲಿಲ್ಲ.

ಹೊರಗೆ ಬಂದು ಟೀ ಅಂಗಡಿಯಲ್ಲಿ ಕೂತು ನಾನು ಸಿನಿಮಾದವರ ಏಳು ತಲೆಮಾರಿಗೂ ಮಂಗಳಾರತಿ ಎತ್ತಿದೆ. ಸುಂದ್ರಮ್ಮನ ಕೈಯಲ್ಲಿದ್ದ ಟೀ ಹಾಗೇ ಆರಿತ್ತು.

‘ಆ ದನಿ ಕೇಳ್ತಿದ್ದಂಗೇ ಕಣ್ಮುಚ್ಕಬುಟ್ಟೆ ಅಣ್ಣಯ್ಯ. ಮೊಗನೂ ಸರ್ಯಾಗಿ ನೋಡ್ನಿಲ್ಲ. ಇನ್ನೊಂದ್ಸಲ ನೋಡನ.’

ಆ ದರಿದ್ರ ಸಿನಿಮಾ ಇನ್ನೊಂದು ಸಲವೇ ಎಂದು ನಾನು ಗೊಣಗುವಷ್ಟರಲ್ಲಿ ವಾಜಿದಾ, ‘ನೋಡ್ಕೊಂಡೇ ಹೋಗೋಣ, ಸುಮ್ನಿರಿ’ ಎಂದು ಟಿಕೆಟ್ ತರಲು ಎದ್ದೇಬಿಟ್ಟಳು.

ಮತ್ತೆ ಅದೇ ಗುಡುಗು, ಅದೇ ಹೀರೋ. ಸೂರ್ಯಕಾಂತಿ ಬಂದೊಡನೆ ಸುಂದ್ರಮ್ಮ ಎರಡೂ ಅಂಗೈಗಳಿಂದ ಕಿವಿ ಒತ್ತಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಮೂಗಯ್ಯನ ಬಾಯಿಯ ಮೇಲೆ. ದೃಶ್ಯ ಮುಗಿದು ಹಾಡು ಶುರುವಾದ ಮೇಲೂ ಕೈ ತೆಗೆಯಲಿಲ್ಲ. ಆಮೇಲೆ ನಿಧಾನವಾಗಿ ತೆಗೆದು ನನ್ನ ಕಡೆ ಬಾಗಿದಳು.

‘ಊಟಿ ದಾರಿ ಗೀರಿ ಏನೂ ಯೋಳ್ನಿಲ್ಲ ಕಣಣ್ಣಯ್ಯ ಅವ್ರು.’

‘ಮತ್ತೇನಂದ?’

‘ಬಿಸ್ಲಲ್ಲಿ ಯಾಕಮ್ಮಿ ನಿಂತಿದ್ದೀಯ, ನೆಳ್ಳಿಗೆ ಓಗು ಅಂದ್ರು.’

ಆವತ್ತು ಅವನ ಕಣ್ಣು ಹಗ್ಗದ ಕಡೆಗೇ ಹೋಗುತ್ತಿದ್ದದ್ದು ಈಗ ನೆನಪಾಯಿತು. ವಾಜಿದಾ ಸುಂದ್ರಮ್ಮನ ಕೈ ಹಿಡಿದುಕೊಂಡಳು.

‘ಅವತ್ತು ನಂಗೆ ಕೇಳುಸ್ನೇ ಇಲ್ಲ’ ಎಂದಳು ಸುಂದ್ರಮ್ಮ. ‘ಅಂಗೇ ಬಿಸ್ಲಲ್ಲೇ ನಿಂತಿದ್ದೆ.’