ಕೆಂಪು ರಬ್ಬರಿನ ಅಂಗಳ

ತುಂಜಾ ನದಿಯ ಸೇತುವೆ ದಾಟಿ ಬಸ್ ನಿಲ್ದಾಣದ ಕಡೆ ತಿರುಗಿದರೆ ಸಿಗುವ ಮೊದಲ ಅಂಗಡಿ ಗೆನಾದಿಯದು. ಪಂಕ್ಚರ್ ಹಾಕುವುದು, ಚಳಿಗಾಲ ಬಂತೆಂದರೆ ಊರಿನ ಕಾರುಗಳ ಟೈರ್ ಬದಲಿಸುವುದು, ವಸಂತದಲ್ಲಿ ಮತ್ತೆ ಬದಲಿಸುವುದು, ಇಷ್ಟೇ ಅವನ ಕಸುಬು. ಮಾತು ಕಡಿಮೆ. ಕೈ ಸದಾ ಕಪ್ಪು. ಅವನ ಹೆಂಡತಿ ದೊಬ್ರಿಂಕಾ ನಮ್ಮ ಬಡಾವಣೆಯ ಶಿಶುವಿಹಾರದ ಮುಖ್ಯಸ್ಥೆ. ಅವಳು ನಕ್ಕರೆ ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರೂ ಇಣುಕಿ ನೋಡುತ್ತಿದ್ದರು. ಅವರಿಗೆ ಸ್ವಂತ ಮಕ್ಕಳಿಲ್ಲ. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲಿ ಬೆಳೆದವು, ಅದೇ ಸಾಕು ಎಂದು ಇಬ್ಬರೂ ಅಂದುಕೊಂಡಿದ್ದರು.

ಶಿಶುವಿಹಾರದ ಅಂಗಳ ಹಳೇ ಕಾಲದ ಕಾಂಕ್ರೀಟು. ಬಿರುಕಿನಲ್ಲಿ ಹುಲ್ಲು, ಉಯ್ಯಾಲೆಯ ಕೆಳಗೆ ಗುಂಡಿ. ಗೆನಾದಿ ಒಂದು ಸಲ ಮರಳು ತಂದು ಸುರಿದಿದ್ದ. ಬಡಾವಣೆಯ ಬೆಕ್ಕುಗಳೆಲ್ಲ ಅದನ್ನು ತಮ್ಮ ಕಕ್ಕಸು ಮಾಡಿಕೊಂಡವು. ಆಮೇಲೆ ಹಳೇ ಟೈರು ಕತ್ತರಿಸಿ, ಮಡಚಿ, ಬಿಳಿ ಬಣ್ಣ ಬಳಿದು ಹಂಸಗಳನ್ನು ಮಾಡಿ ಬೇಲಿಯುದ್ದಕ್ಕೂ ನಿಲ್ಲಿಸಿದ. ಮಕ್ಕಳು ಅವುಗಳ ಬೆನ್ನೇರಿ ಕೂರುತ್ತಿದ್ದವು. ಆದರೆ ಬೀಳುವ ಮಗು ಕಾಂಕ್ರೀಟಿನ ಮೇಲೇ ಬೀಳುತ್ತಿತ್ತು. ಆ ವರ್ಷ ಏಪ್ರಿಲ್‌ನಲ್ಲಿ ಒಂದು ಹುಡುಗಿ ಜಾರುಬಂಡೆಯಿಂದ ಮುಖವಡಿಯಾಗಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ಅವತ್ತು ದೊಬ್ರಿಂಕಾ ಮನೆಗೆ ಬಂದು ಕೋಟು ಕೂಡ ತೆಗೆಯದೆ ಅಡುಗೆಮನೆಯಲ್ಲಿ ಕುಳಿತು ಅತ್ತಳು.

"ಇನ್ನು ಆಗಲ್ಲ ಗೆನಾದಿ. ಆ ನೆಲ ನಾನು ಬದಲಾಯ್ಸಲೇಬೇಕು."

"ಬದಲಾಯ್ಸೋಣ ಬಿಡು," ಅಂದ ಗೆನಾದಿ. ಹೇಗೆ ಎಂದು ಅವನಿಗೆ ಹೊಳೆಯಲಿಲ್ಲ. ಅವಳೂ ಅವನನ್ನು ಕೇಳಲಿಲ್ಲ.

ಅದೇ ಬೇಸಿಗೆಗೆ ಸರಿಯಾಗಿ ಓಗ್ನ್ಯಾನ್ ಇಟಲಿಯಿಂದ ವಾಪಸು ಬಂದ. ಅವನೂ ಗೆನಾದಿ, ದೊಬ್ರಿಂಕಾ ಓದಿದ ಶಾಲೆಯವನೇ. ಊರಿನ ಕುಣಿತದ ತಂಡದಲ್ಲಿ ದೊಬ್ರಿಂಕಾಳ ಕೈ ಹಿಡಿದು ಸಾಲಾಗಿ ಹೊರೊ ಕುಣಿಯುತ್ತಿದ್ದವನು. ಮುಚ್ಚಿಹೋಗಿದ್ದ ಡಬ್ಬಿ ಹಣ್ಣಿನ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದು, ಹಳೇ ಟೈರುಗಳನ್ನು ಚೂರುಚೂರು ಮಾಡುವ ಯಂತ್ರ ತಂದು ಕೂರಿಸಿದ. ಚೂರುಗಳಿಗೆ ಇಟ್ಟಿಗೆಗೆಂಪು ಬಣ್ಣ ಹಾಕಿ, ಮೂಟೆ ಕಟ್ಟಿ, ಉದ್ಯಾನದ ಗಿಡಗಳ ಬುಡಕ್ಕೂ ಮಕ್ಕಳ ಆಟದ ಅಂಗಳಕ್ಕೂ ಮಾರುತ್ತಿದ್ದ. ಕಳೆ ಬರುವುದಿಲ್ಲ, ಕೊಳೆಯುವುದಿಲ್ಲ, ಬಿದ್ದರೆ ಪೆಟ್ಟಾಗುವುದಿಲ್ಲ ಎಂಬುದು ಅವನ ಮಾತು.

ಮೊದಲು ಅವನು ಬಂದದ್ದು ಗೆನಾದಿಯ ಅಂಗಡಿಗೇ. ಹಿತ್ತಲಲ್ಲಿ ಗುಡ್ಡದ ಹಾಗೆ ಬಿದ್ದಿದ್ದ ಟೈರುಗಳನ್ನು ನೋಡಿ ಸಿಳ್ಳೆ ಹಾಕಿದ.

"ಏನೋ ಗೆನಾದಿ, ಸೊಳ್ಳೆ ಸಾಕಾಣಿಕೆ ಮಾಡ್ತಿದೀಯಾ?"

"ತಗೊಂಡ್ ಹೋಗು ಮಾರಾಯ, ಪುಣ್ಯ ಬರುತ್ತೆ," ಅಂದ ಗೆನಾದಿ. ಲಾರಿಗೆ ಏರಿಸಲು ತಾನೇ ಕೈಹಾಕಿದ. ಸಂಜೆ ಇಬ್ಬರೂ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ ಕುಡಿದರು. ಓಗ್ನ್ಯಾನ್ ಹಲ್ಲೆಲ್ಲ ಬಿಳಿ ಬಿಳಿಯಾಗಿ ನಗುತ್ತಿದ್ದ. ಅಷ್ಟು ಬಿಳಿ ಹಲ್ಲು ಆ ವಯಸ್ಸಿನಲ್ಲಿ ಯಾಕಪ್ಪಾ ಬೇಕು ಎಂದು ಮಾತ್ರ ಗೆನಾದಿಗೆ ಅನ್ನಿಸಿತು.

ಜುಲೈನಲ್ಲಿ ಪುರಸಭೆಯ ದುಡ್ಡಿನಲ್ಲಿ ಶಿಶುವಿಹಾರದ ಅಂಗಳದ ಕೆಲಸ ಓಗ್ನ್ಯಾನ್‌ನ ಪಾಲಿಗೆ ಬಂತು. ಕಾಂಕ್ರೀಟು ಒಡೆದರು, ಮಣ್ಣು ಸಮ ಮಾಡಿ ದಪ್ಪ ಬಟ್ಟೆ ಹಾಸಿದರು, ಸುತ್ತ ಮರದ ಅಂಚು ಕಟ್ಟಿದರು. ದೊಬ್ರಿಂಕಾ ರಜೆಯಲ್ಲೂ ದಿನಾ ಹೋಗುತ್ತಿದ್ದಳು. ಲಿಂಡನ್ ಮರದ ಬುಡಕ್ಕೆ ಎಷ್ಟು ಹಾಕಬೇಕು, ಗುಲಾಬಿ ಪಾತಿಗೆ ಬೇಕೋ ಬೇಡವೋ, ಜಾರುಬಂಡೆಯ ಕೆಳಗೆ ಎಷ್ಟು ದಪ್ಪ, ಎಲ್ಲಕ್ಕೂ ಓಗ್ನ್ಯಾನ್ ಅವಳನ್ನು ಕೇಳಿಯೇ ಮಾಡುತ್ತಿದ್ದ. ಮನೆಗೆ ಬಂದರೆ ಅವಳ ಬಾಯಲ್ಲಿ ಅದೇ ಹೆಸರು.

"ಓಗ್ನ್ಯಾನ್ ಹೇಳ್ತಿದ್ದ, ಇಟಲೀಲಿ ಪಾರ್ಕ್ ಪೂರ್ತಿ ಹೀಗೇ ಮಾಡ್ತಾರಂತೆ."

"ಇಟಲೀನ ಅವನೇ ಕಟ್ಟಿದ್ನೇನೋ."

"ಆ ಹಂಸಗಳನ್ನ ತೆಗೀಬೇಕಂತೆ ಗೆನಾದಿ. ಅಂಚು ಚೂಪಾಗಿದೆ, ಒಳಗೆ ನೀರು ನಿಲ್ಲುತ್ತೆ. ನಿಜ ತಾನೇ?"

ನಿಜವೇ ಆಗಿತ್ತು. ಗೆನಾದಿ ಮೊಸರು ಸೌತೆಕಾಯಿಯ ಸಾರು ಕುಡಿದ. ಮರುದಿನ ಹಂಸಗಳು ಓಗ್ನ್ಯಾನ್‌ನ ಲಾರಿಯಲ್ಲಿ ಕತ್ತು ಹೊರಗೆ ಚಾಚಿಕೊಂಡು ಅಂಗಡಿಯ ಮುಂದೆಯೇ ಹಾದುಹೋದವು. ಎರಡು ದಿನದಲ್ಲಿ ಅವೂ ಕೆಂಪು ಚೂರಾಗಿ ಅಂಗಳಕ್ಕೆ ಬಂದಿರಬೇಕು.

ವಾರ ಕಳೆದ ಮೇಲೆ ಶಿಶುವಿಹಾರದ ಅಡುಗೆಯ ಪಾವ್ಲಿನಾ ಸೈಕಲ್ ಟ್ಯೂಬು ಹಿಡಿದು ಅಂಗಡಿಗೆ ಬಂದಳು. ಅವಳು ಬಾಯಿ ತೆರೆದರೆ ಮುಚ್ಚುವವಳಲ್ಲ.

"ನೋಡ್ಬೇಕಿತ್ತು ಗೆನಾದಿ ನಿನ್ನ ಹೆಂಡ್ತೀನ! ಅವನು 'ಬೀಳು ದೊಬ್ರಿಂಕಾ, ನಾನಿದೀನಿ, ಏನೂ ಆಗಲ್ಲ' ಅಂದ. ಇವಳು ಕೈ ಅಗಲ ಮಾಡಿ ಧೊಪ್ ಅಂತ ಬೆನ್ನ ಮೇಲೆ ಬಿದ್ಲು! ಹದಿನಾರರ ಹುಡುಗಿ ಹಂಗೆ! ಬಿದ್ದಲ್ಲೇ ಮಲಗಿ ನಕ್ಕಿದ್ದೂ ನಕ್ಕಿದ್ದೇ."

"ಯಾರು, ನಮ್ಮ ದೊಬ್ರಿಂಕಾನಾ?"

"ಇನ್ಯಾರು? ಆಮೇಲೆ ಅವನೇ ಕೈ ಕೊಟ್ಟು ಎತ್ತಿದ. ನಂಗಂತೂ ನೋಡೋಕೆ ಖುಷಿಯಾಯ್ತಪ್ಪ."

ಆ ಸಂಜೆ ದೊಬ್ರಿಂಕಾ ಬಂದಾಗ ಅವಳ ಬಿಳಿ ರವಿಕೆಯ ಬೆನ್ನ ಮೇಲೆ ಕೆಂಪು ಕಲೆಯಿತ್ತು. ಹೊಸ ಚೂರು ಒದ್ದೆಯಾದರೆ ಬಣ್ಣ ಬಿಡುತ್ತದೆ ಎಂಬುದು ಗೆನಾದಿಗೆ ಗೊತ್ತಿತ್ತು. ಅಂಗೈಯಲ್ಲೂ ಅದೇ ಕೆಂಪು. ಅವಳು ಸಿಂಕಿನಲ್ಲಿ ಕೈ ತೊಳೆಯುತ್ತಾ ತಂಡದ ಕಾಲದ ಹಾಡೊಂದನ್ನು ಗುನುಗುತ್ತಿದ್ದಳು. ಮದುವೆಯಾದಾಗಿನಿಂದ ಅವನ ಕೈಯ ಕಪ್ಪು ಮನೆಯ ಬಾಗಿಲು, ಲೋಟ, ದಿಂಬಿನ ಚೀಲ ಎಲ್ಲಕ್ಕೂ ಅಂಟಿತ್ತು. ಅದಕ್ಕೆ ಅವಳು ಬೈದದ್ದೇ ಹೆಚ್ಚು. ಈ ಕೆಂಪಿಗೆ ಮಾತ್ರ ಹಾಡು.

"ಬೆನ್ನಿಗೆ ಏನದು?"

"ಓ, ಅದಾ? ಬಿದ್ದೆ," ಎಂದು ನಕ್ಕಳು.

"ಯಾರ ಮೇಲೆ?"

ಅವಳು ನಲ್ಲಿ ನಿಲ್ಲಿಸಿ ತಿರುಗಿದಳು. "ಏನ್ ಕೇಳ್ದೆ?"

"ಏನಿಲ್ಲ ಬಿಡು."

"ಹೇಳೋದಿದ್ರೆ ನೆಟ್ಟಗೆ ಹೇಳು. ಗೊಣಗ್ಬೇಡ."

ಸೆಪ್ಟೆಂಬರ್‌ನಲ್ಲಿ ಅಂಗಳದ ಉದ್ಘಾಟನೆ ಶನಿವಾರ ನಡೆಯಿತು. ಅಪ್ಪ ಅಮ್ಮಂದಿರು, ಅಜ್ಜಿಯರು, ಚೀಸು ತುಂಬಿ ಬೇಯಿಸಿದ ಬಾನಿತ್ಸಾದ ತಟ್ಟೆಗಳು. ಬಿಸಿಲಿಗೆ ಅಂಗಳ ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಅದು ಗೆನಾದಿಗೆ ತನ್ನ ಅಂಗಡಿಯ ವಾಸನೆ. ಬೇರೆಯವರೆಲ್ಲ ಹೊಸ ವಾಸನೆ ಎಂದು ಮೆಚ್ಚುತ್ತಿದ್ದರು. ದೊಬ್ರಿಂಕಾ ಮೈಕು ಹಿಡಿದು ಪುರಸಭೆಯವರಿಗೆ, ಪೋಷಕರಿಗೆ, ಪಾವ್ಲಿನಾಳಿಗೆ, ಕೊನೆಗೆ "ನಮ್ಮ ಓಗ್ನ್ಯಾನ್‌ಗೆ" ಕೃತಜ್ಞತೆ ಹೇಳಿದಳು. ಆ ಟೈರುಗಳು ಯಾರ ಹಿತ್ತಲಿನಿಂದ ಬಂದವೆಂದು ಹೇಳಲಿಲ್ಲ. ಮರೆತಿರಬೇಕು. ಆಮೇಲೆ ಯಾರೋ ಸಂಗೀತ ಹಾಕಿದರು. ಹೊರೊ ಶುರುವಾಯಿತು. ಓಗ್ನ್ಯಾನ್ ಕರವಸ್ತ್ರ ಬೀಸುತ್ತಾ ಸಾಲಿನ ಮುಂದೆ, ಅವನ ಕೈ ಹಿಡಿದು ದೊಬ್ರಿಂಕಾ. ಇಬ್ಬರ ಕಾಲೂ ಒಂದೇ ಲಯದಲ್ಲಿ ಆ ಮೆತ್ತನೆ ನೆಲದಿಂದ ಪುಟಿಯುತ್ತಿದ್ದವು. ಗೆನಾದಿಗೆ ಕುಣಿಯಲು ಬರುತ್ತಿರಲಿಲ್ಲ.

"ಏನ್ ಜೋಡಿ ಅಲ್ವಾ?" ಎಂದಳು ಪಕ್ಕದಲ್ಲಿದ್ದ ಯಾರದೋ ಅಜ್ಜಿ. ಗೆನಾದಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ದೊಬ್ರಿಂಕಾ ಪಕ್ಕದ ಬೀದಿಯ ಗೆಳತಿಯ ಮನೆಗೆ ಕೆಂಪು ಮೆಣಸಿನಕಾಯಿ ಸುಡಲು ಹೋಗಿದ್ದಳು. ಗೆನಾದಿ ಅಂಗಡಿಯಲ್ಲಿ ಒಬ್ಬನೇ ಕುಳಿತು ಲಾರಿಯ ಹಳೇ ಟೈರೊಂದನ್ನು ಸೀಳಿದ. ಅದರೊಳಗಿನ ಉಕ್ಕಿನ ತಂತಿಗಳನ್ನು ಎಳೆದು, ಇಕ್ಕಳದಿಂದ ಬೆರಳುದ್ದ ತುಂಡು ಮಾಡಿ ಡಬ್ಬಿಗೆ ಹಾಕಿದ. ಚೂರಿನಲ್ಲಿ ತಂತಿ ಸಿಕ್ಕಿತೆಂದರೆ ಆ ಬಿಳಿ ಹಲ್ಲಿನ ನಗು ನಿಲ್ಲುತ್ತದೆ. ತಂತಿ ತೆಗೆಯದೆ ಚೂರು ಮಾಡಿದ್ದಾನೆಂದು ದೊಬ್ರಿಂಕಾಳೇ ಓಗ್ನ್ಯಾನ್‌ನನ್ನು ಕರೆಸಿ ಛೀಮಾರಿ ಹಾಕುತ್ತಾಳೆ. ಅಷ್ಟೇ ಆಗಬೇಕಾದದ್ದು. ಮಕ್ಕಳ ಕಾಲಲ್ಲಿ ಬೂಟು ಇರುತ್ತದೆ, ಟೀಚರುಗಳ ಕಣ್ಣಿಗೇ ಮೊದಲು ಬೀಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮನೆಯಲ್ಲಿದ್ದ ಶಿಶುವಿಹಾರದ ಬೀಗದ ಕೈ ತೆಗೆದುಕೊಂಡು ಹೋಗಿ, ಖಾಲಿ ಅಂಗಳದಲ್ಲಿ ಕಾಳು ಬಿತ್ತಿದ ಹಾಗೆ ಆ ತಂತಿಗಳನ್ನು ಎಸೆದ. ಕೆಲವನ್ನು ಕಾಲಿನಿಂದ ಕೆದಕಿ ಒಳಗೆ ತಳ್ಳಿದ. ಹಿಂದಿರುಗುವಾಗ ಎದೆ ಹಗುರವಾಗಿತ್ತು. ಅಷ್ಟು ಹಗುರವಾಗಿ ಬೇಸಿಗೆಯಿಡೀ ಇರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ದೊಬ್ರಿಂಕಾ ಬಂದಳು. ಅವಳ ಕೂದಲಲ್ಲೂ ಮೆಣಸಿನಕಾಯಿ ಸುಟ್ಟ ಹೊಗೆಯ ವಾಸನೆಯಿತ್ತು.

"ನಾಳೆ ಏನ್ ಮಾಡ್ತೀನಿ ಗೊತ್ತಾ? ಎಲ್ಲಾ ಮಕ್ಕಳ ಬೂಟು ಬಿಚ್ಚಿಸ್ತೀನಿ. ಬರಿಗಾಲಲ್ಲಿ ಓಡ್ಲಿ. ಕಾಂಕ್ರೀಟಲ್ಲಿ ಒಂದಿನಾನೂ ಬರಿಗಾಲಲ್ಲಿ ಓಡಿಲ್ಲ ಪಾಪ."

ಗೆನಾದಿಯ ಕೈಯ ಚಮಚ ನಿಂತಿತು. "ಬೇಡ," ಅಂದ.

"ಯಾಕೆ ಬೇಡ?"

"ಚಳಿ."

"ಸೆಪ್ಟೆಂಬರಲ್ಲಿ ಚಳಿಯಾ? ನಿಂಗೆ ಈ ಅಂಗಳ ಕಂಡ್ರೇ ಆಗಲ್ಲ, ಅಷ್ಟೇ."

ಬೆಳಕು ಹರಿಯುತ್ತಿದ್ದಂತೆ ಅವನು ಅಂಗಳದಲ್ಲಿದ್ದ. ಅಂಗಡಿಯ ನೆಲದಿಂದ ಮೊಳೆ ಎತ್ತುವ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ, ಮೊಣಕಾಲೂರಿ ಚೂರು ಕೆದಕುತ್ತಾ ಎಳೆಯುತ್ತಿದ್ದ. ತಂತಿಗಳು ಸಿಕ್ಕವು. ಮತ್ತೆ ಸಿಕ್ಕವು. ಇನ್ನು ಇಲ್ಲ ಎಂದುಕೊಂಡು ಎದ್ದರೆ ಜಾರುಬಂಡೆಯ ಕೆಳಗೆ ಇನ್ನೊಂದು ಮಿನುಗುತ್ತಿತ್ತು. ಎಷ್ಟು ತುಂಡು ಮಾಡಿದ್ದೆ ಎಂದು ಅವನಿಗೇ ಗೊತ್ತಿರಲಿಲ್ಲ. ಬೆವರು ಕಣ್ಣಿಗಿಳಿದು ಕೆಂಪೆಲ್ಲ ಕಲಸಿಹೋಯಿತು.

ಅಷ್ಟರಲ್ಲಿ ಗೇಟು ಸದ್ದಾಯಿತು. ದೊಬ್ರಿಂಕಾ, ಹಿಂದೆ ಪಾವ್ಲಿನಾ, ಅವರ ಬೆನ್ನಿಗೇ ಬೇಗ ಬರುವ ಮಕ್ಕಳು.

"ಅಯ್ಯೋ ನೋಡೇ ಪಾವ್ಲಿನಾ!" ದೊಬ್ರಿಂಕಾಳ ಮುಖ ಅರಳಿತು. "ನನ್ ಗಂಡ! ಬೆಳಿಗ್ಗೆನೇ ಬಂದು ನೆಲ ಸಮ ಮಾಡ್ತಿದಾನೆ! ಮುನಿಸ್ಕೊಂಡಿದಾನೆ ಅನ್ಕೊಂಡಿದ್ದೆ ನಾನು."

"ಬಂಗಾರದಂಥ ಗಂಡ ಕಣೇ," ಎಂದಳು ಪಾವ್ಲಿನಾ.

ಒಬ್ಬ ಪುಟ್ಟ ಹುಡುಗಿ ಆಗಲೇ ಮೆಟ್ಟಿಲ ಮೇಲೆ ಕುಳಿತು ಬೂಟಿನ ದಾರ ಬಿಚ್ಚುತ್ತಿದ್ದಳು. ಸುಮ್ಮನಿದ್ದರೆ ಆ ಹೊಗಳಿಕೆ ಅವನದೇ. ಗೆನಾದಿ ಎದ್ದು ಹೋಗಿ ಆ ಹುಡುಗಿಯನ್ನು ಬೂಟಿನ ಸಮೇತ ಎತ್ತಿ ಬಾಗಿಲೊಳಗೆ ಇಳಿಸಿದ. ಆಮೇಲೆ ಹೆಂಡತಿಯ ಹತ್ತಿರ ಬಂದು ಜೇಬಿನಲ್ಲಿದ್ದ ತಂತಿಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಇದನ್ನ ನಾನೇ ಹಾಕ್ದೆ. ನಿನ್ನೆ. ಎಲ್ಲಾ ಸಿಕ್ಕಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಕ್ಕಳನ್ನು ಒಳಗೆ ಕಳಿಸಿದಳು, ಅಂಗಳದ ಬಾಗಿಲಿಗೆ ಬೀಗ ಹಾಕಿದಳು, ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

"ನನ್ ಮಕ್ಕಳು ಗೆನಾದಿ," ಅಂದಳು. "ನನ್ ಮಕ್ಕಳ ಕಾಲು."

ಓಗ್ನ್ಯಾನ್ ಲಾರಿಯಲ್ಲಿ ಬಂದಾಗ ಗೆನಾದಿಯೇ ಗೇಟಿನ ಹತ್ತಿರ ಕಾದು ನಿಂತು ಎಲ್ಲ ಹೇಳಿದ. ಓಗ್ನ್ಯಾನ್ ಅವತ್ತು ನಗಲಿಲ್ಲ. ನಗದ ಆ ಮುಖ ಸಾಕಷ್ಟು ಮುದಿಯಾಗಿತ್ತು.

"ನನ್ ಮೇಲೆ ಸಿಟ್ಟಿದ್ರೆ ನನ್ ಲಾರಿ ಟೈರ್ ಕುಯ್ಯಬೇಕಿತ್ತಲ್ಲೋ. ಮಕ್ಕಳು ಏನ್ ಮಾಡಿದ್ವು?"

"ಅವಳು ನಿನ್ ಜೊತೆ ನಗ್ತಾಳೆ."

"ನಗ್ತಾಳೆ. ಅದಕ್ಕೆ?" ಓಗ್ನ್ಯಾನ್ ಟೋಪಿ ತೆಗೆದು ತಲೆ ಕೆರೆದ. "ನನ್ ಹೆಂಡ್ತಿ ಬೆರ್ಗಾಮೋದಲ್ಲಿ ಬೇರೆಯವನ ಜೊತೆ ಇದಾಳೆ ಕಣೋ. ನಿಮ್ಮಿಬ್ಬರನ್ನ ನೋಡಿ ನಾನೇ ಹೊಟ್ಟೆ ಉರ್ಕೊಂಡಿದೀನಿ. ಹಾಗಂತ ತಂತಿ ಎಸೆದ್ನಾ?"

ಅಂಗಳದ ಚೂರನ್ನೆಲ್ಲ ಎತ್ತಿ ಕಾರ್ಖಾನೆಗೆ ಸಾಗಿಸಿ, ಅಯಸ್ಕಾಂತದ ಉರುಳೆಯ ಕೆಳಗೆ ಹಾಯಿಸಿ, ಮತ್ತೆ ತಂದು ಹಾಸಬೇಕಾಯಿತು. ಗೆನಾದಿ ಅಂಗಡಿ ಮುಚ್ಚಿ ಸಲಿಕೆ ಹಿಡಿದ. ಓಗ್ನ್ಯಾನ್ ಅವನ ಜೊತೆ ಮಾತಾಡದೆ ಕೆಲಸ ಮಾಡಿದ. ಚೂರು ತೆಗೆದ ಅಂಗಳ ಚರ್ಮ ಸುಲಿದಂತೆ ಬೆತ್ತಲೆ ಕಾಣುತ್ತಿತ್ತು. ಪೋಷಕರ ಸಭೆಯಲ್ಲಿ ದೊಬ್ರಿಂಕಾ ಏನನ್ನೂ ಮುಚ್ಚಿಡಲಿಲ್ಲ. ಮಾಡಿದ್ದು ನನ್ನ ಗಂಡ, ಬೀಗದ ಕೈ ಇದ್ದದ್ದು ನನ್ನ ಮನೆಯಲ್ಲಿ, ಬೇಡವೆಂದರೆ ಕೆಲಸ ಬಿಡುತ್ತೇನೆ ಎಂದಳು. ಬಹಳ ಕೂಗಾಟವಾಯಿತು. ಅವಳಿಗೆ ಕೆಲಸ ಬಿಡಬೇಡ ಎಂದರು. ಗೆನಾದಿ ಮಾತ್ರ ಆ ಗೇಟಿನೊಳಗೆ ಇನ್ನು ಕಾಲಿಡಕೂಡದು ಎಂದು ತೀರ್ಮಾನವಾಯಿತು. ಆ ಚಳಿಗಾಲ ಅನೇಕರು ಟೈರ್ ಬದಲಿಸಲು ಊರಾಚೆಯ ಅಂಗಡಿಗೆ ಹೋದರು.

ಅಕ್ಟೋಬರ್‌ನಲ್ಲಿ ದೊಬ್ರಿಂಕಾ ಪೆಟ್ಟಿಗೆ ತುಂಬಿಕೊಂಡು ತಂಗಿಯ ಮನೆಗೆ ಹೋದಳು. ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಶಿಶುವಿಹಾರಕ್ಕೆ ಬಂದು ಹೋಗುತ್ತಿದ್ದಳು. ಗೆನಾದಿಯ ಅಂಗಡಿಯ ಮುಂದೆಯೇ ಇಳಿಯುತ್ತಿದ್ದಳು, ಒಳಗೆ ನೋಡುತ್ತಿರಲಿಲ್ಲ. ಮೊದಲ ಹಿಮ ಬಿದ್ದ ಮೇಲೆ ಒಂದು ಸಂಜೆ ಪೆಟ್ಟಿಗೆ ಹಿಡಿದು ಮನೆಯ ಬಾಗಿಲಲ್ಲಿ ನಿಂತಿದ್ದಳು.

"ತಿನ್ನೋಕೆ ಏನಿದೆ?"

"ಹುರುಳಿಕಾಯಿ ಬೀಜದ ಸಾರು."

ತಿಂದಳು. ಉಪ್ಪು ಕಡಿಮೆ ಎಂದಳು. ಆಮೇಲೆ ತಟ್ಟೆ ಸರಿಸಿ ಮಾತು ತೆಗೆದಳು.

"ಹೌದು, ಅವನ ಜೊತೆ ನಗೋದು ನಂಗೆ ಇಷ್ಟ ಆಯ್ತು. ಸುಳ್ಳು ಹೇಳಲ್ಲ. ನಿಂಗೇನ್ ಬೇಕು, ಎಲ್ಲಿ ಬೇಕು ಅಂತ ಕೇಳ್ದ ಅವನು. ನೀನು ಯಾವತ್ತೂ ಕೇಳ್ಲಿಲ್ಲ, ತಂದು ಸುರಿದ್ಬಿಟ್ಟೆ. ಅಷ್ಟು ಬಿಟ್ಟು ಬೇರೇನೂ ಇರ್ಲಿಲ್ಲ."

"ನನ್ ಹೆಸರು ಹೇಳ್ಲಿಲ್ಲ ನೀನು. ಮೈಕಲ್ಲಿ."

"ಹೇಳ್ಬೇಕಿತ್ತು," ಅಂದಳು. "ಅದು ತಪ್ಪು. ಆದ್ರೆ ನೀನು ಮಾಡಿದ್ದಕ್ಕೆ ಅದು ಲೆಕ್ಕಕ್ಕಿಲ್ಲ."

"ಗೊತ್ತು."

"ಈಗ್ಲೂ ಹೊಟ್ಟೆ ಉರಿಯುತ್ತಾ?"

"ಉರಿಯುತ್ತೆ."

"ಹಾಗಾದ್ರೆ ಬಾಯಿ ಬಿಟ್ಟು ಹೇಳು. ಹೇಳಿದ್ರೆ ನಾನು ಕೇಳಿಸ್ಕೋತೀನಿ. ಕೈಯಲ್ಲಿ ಮಾತ್ರ ಏನೂ ಮಾಡ್ಬೇಡ."

ಈಗ ಗೆನಾದಿ ದಿನಾ ಸಂಜೆ ಹೆಂಡತಿಯನ್ನು ಕರೆದುಕೊಂಡು ಹೋಗಲು ಶಿಶುವಿಹಾರದ ಗೇಟಿನಾಚೆ, ರಸ್ತೆಯಂಚಿನಲ್ಲಿ ನಿಲ್ಲುತ್ತಾನೆ. ವಸಂತಕ್ಕೊಮ್ಮೆ ಓಗ್ನ್ಯಾನ್ ಬಂದು ತಗ್ಗಾದಲ್ಲಿ ಹೊಸ ಚೂರು ಸುರಿದು ಕುಂಟೆ ಎಳೆಯುತ್ತಾನೆ. ದೊಬ್ರಿಂಕಾ ಅವನಿಗೆ ಕಾಫಿ ತಂದುಕೊಡುತ್ತಾಳೆ, ಇಬ್ಬರೂ ಏನೋ ಮಾತಾಡಿ ನಗುತ್ತಾರೆ. ಗೆನಾದಿ ಬೇಲಿಯ ಸಂದಿಯಿಂದ ಎಲ್ಲವನ್ನೂ ನೋಡುತ್ತಾ ಜೇಬಿನೊಳಗೆ ಕೈ ಬಿಗಿಹಿಡಿದು ಕಾಯುತ್ತಾನೆ. ಅವಳು ಹೊರಗೆ ಬರುತ್ತಾಳೆ, ಚೀಲ ಅವನ ಕೈಗೆ ಕೊಡುತ್ತಾಳೆ.

"ಇವತ್ತು ಉರೀತಾ?"

"ಉರೀತು."

"ಎಷ್ಟು?"

"ಹೋದ್ ಸಲಕ್ಕಿಂತ ಕಮ್ಮಿಯೇನಲ್ಲ."

"ಸರಿ ನಡಿ. ಬ್ರೆಡ್ ಮುಗಿದಿದೆ, ಅಂಗಡಿ ಮುಚ್ಚೋದ್ರೊಳಗೆ ಹೋಗ್ಬೇಕು," ಎನ್ನುತ್ತಾಳೆ. ಇಬ್ಬರೂ ಸೇತುವೆಯ ಕಡೆ ನಡೆಯುತ್ತಾರೆ.