ನಿನ್ನ ಸರ

ಸತ್ತ ಗಂಡನ ಅಂಗಿಯ ಕಾಲರು ಸರಿಪಡಿಸುತ್ತಿದ್ದವಳ ಕೈ ಹಾಗೇ ನಿಂತಿತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ಅವನ ಜೊತೆ ಕೆಲಸ ಮಾಡುತ್ತಿದ್ದ ಲ್ಯಾಬಿನವಳು.

"ಬಂದ್ಲು ನೋಡೇ ಮಹಾತಾಯಿ," ಎಂದು ತಂಗಿಯ ಕಿವಿಯಲ್ಲಿ ಉಸುರಿದಳು. "ಸರ ಹಾಕ್ಕೊಂಡಿದಾಳಾ?"

"ಬೋಳು ಕೊರಳು. ಸುಮ್ನಿರಕ್ಕಾ, ಭಾವನ ಹೆಣ ಇನ್ನೂ ಮನೇಲಿದೆ. ಈಗ ಇದೆಲ್ಲಾ ಬೇಕಾ?"

ಬೇಕು. ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ಉಂಟೇ?

*

ವರ್ಷಗಳ ಹಿಂದೆ ಒಂದು ಸಂಜೆ ಗಂಡ ವರಾಂಡದಲ್ಲಿ ನಿಂತು ಲ್ಯಾಬಿನವಳ ಜೊತೆ ಫೋನಿನಲ್ಲಿ ನಗುತ್ತಿದ್ದ. "ನಿನ್ನ ಸರ ನೋಡ್ದೆ ಕಣಮ್ಮಾ. ಎಂಥಾ ಉದ್ದ! ಕಣ್ಣು ಕೀಳೋಕೇ ಮನಸ್ಸು ಬರ್ಲಿಲ್ಲ."

ಒಳಗೆ ಪಾತ್ರೆ ತೊಳೆಯುತ್ತಿದ್ದವಳಿಗೆ ಮೈಯೆಲ್ಲ ಉರಿಯಿತು. ತನಗೆ ಒಂದು ಗಾಜಿನ ಮಣಿಯನ್ನಾದರೂ ತಂದುಕೊಟ್ಟವನಲ್ಲ! ಕೇಳಿದ್ದರೆ ಮುಗಿಯುತ್ತಿತ್ತು. ಹೌದು, ನಾನೇ ಕೊಡಿಸಿದ್ದು ಎಂದುಬಿಟ್ಟರೆ? ಕೇಳದೆ, ಊಟದ ತಟ್ಟೆಯನ್ನು ಟಣ್ಣೆಂದು ಅವನ ಮುಂದೆ ಕುಕ್ಕಿದಳು.

"ಯಾಕೆ, ಹುಷಾರಿಲ್ವಾ?" ಎಂದ, ಏನೂ ಅರಿಯದವನ ಹಾಗೆ.

*

ಲ್ಯಾಬಿನವಳು ಹತ್ತಿರ ಬಂದು ಬಿಕ್ಕಿದಳು. ಹೆಂಡತಿಗೆ ತಡೆಯಲಾಗಲಿಲ್ಲ.

"ಅವರು ಕೊಡ್ಸಿದ ಸರ ಹಾಕ್ಕೊಂಡು ಬರ್ಬಹುದಿತ್ತಲ್ಲ!"

"ಯಾವ ಸರ ಅಕ್ಕಾ?"

"ಫೋನಲ್ಲಿ ಹೊಗಳಿದ್ದೇ ಹೊಗಳಿದ್ದು. ಕಿವಿಯಾರೆ ಕೇಳಿದೀನಿ."

"ಅಯ್ಯೋ ದೇವ್ರೇ! ಅದು ರೋಗಾಣು ಅಕ್ಕಾ. ಗಂಟಲು ನೋವು ಬರ್ಸುತ್ತಲ್ಲ, ಅದೇ. ರಕ್ತಕ್ಕಿಳಿದ್ರೆ ಆಳನ್ನೇ ತಿನ್ನುತ್ತೆ. ನಾನು ಸ್ಲೈಡ್ ಮಾಡಿಟ್ಟಿದ್ದನ್ನ ಅವರು ನೋಡಿರ್ತಾರೆ. ಮೈಕ್ರೋಸ್ಕೋಪಲ್ಲಿ ಮಣಿ ಪೋಣಿಸಿದ ಹಾಗೆ ಕಾಣುತ್ತೆ, ಅದಕ್ಕೆ ನಾವಿಬ್ರೂ ಸರ ಅಂತಿದ್ವಿ. ದೇಶದ ಎಲ್ಲಾ ಆಸ್ಪತ್ರೆಯಿಂದ ಇದರ ಸ್ಯಾಂಪಲ್ ನಮ್ಮಲ್ಲಿಗೇ ಕಳಿಸ್ತಾರೆ. ಎಲ್ಲೆಲ್ಲಿ ಹಬ್ತಾ ಇದೆ, ಯಾವ ಔಷಧಿಗೆ ಬಗ್ತಾ ಇಲ್ಲ ಅಂತ ನೋಡೋದೇ ನಮ್ಮ ಕೆಲ್ಸ."

ತಂಗಿ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು. ನಗುವೋ ಅಳುವೋ, ಅವಳಿಗೇ ತಿಳಿಯಲಿಲ್ಲ.

ಹೆಂಡತಿಯ ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. 'ನಾವಿಬ್ರೂ' ಅಂದಳಲ್ಲ! ಬಂಗಾರದ್ದಾಗಿದ್ದರೆ ಕಿತ್ತುಕೊಳ್ಳಬಹುದಿತ್ತು.

"ನನ್ನ ಹತ್ರ ಒಂದಿನಾನೂ ಹೇಳ್ಲಿಲ್ಲ," ಎಂದಳು.

"ಸಾವಿನ ಸುದ್ದಿ ಮನೆಗ್ಯಾಕೆ ಅಂತಿದ್ರು ಅಕ್ಕಾ."

"ನಿನ್ನ ಹತ್ರ ಮಾತ್ರ ಬಾಯ್ತುಂಬಾ ಮಾತು!"

ಹೊರಗೆ ವ್ಯಾನು ಬಂತು. ಶವವನ್ನು ಇಟ್ಟ ಮೇಲೆ ಪಕ್ಕದಲ್ಲಿ ಇಬ್ಬರಿಗಷ್ಟೇ ಜಾಗ. ತಂಗಿ ಆಗಲೇ ಹತ್ತಿ ಕೂತಿದ್ದಳು.

"ನೀನಿಳಿಯೇ," ಎಂದಳು ಅಕ್ಕ. ಲ್ಯಾಬಿನವಳತ್ತ ತಿರುಗಿ, "ಹತ್ತು. ನೀವಿಬ್ರೂ ಇನ್ನೇನೇನು ಮಾತಾಡ್ತಿದ್ರಿ, ದಾರೀಲಿ ಎಲ್ಲಾ ಹೇಳು. ಒಂದೂ ಬಚ್ಚಿಡ್ಬೇಡ."

ವ್ಯಾನಿನ ಬಾಗಿಲು ಮುಚ್ಚುವಾಗ, ಸಿಕ್ಕಿಬಿದ್ದ ಕಳ್ಳಿಯನ್ನು ಹಿಡಿದಂತೆ, ಲ್ಯಾಬಿನವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು.